ಬಟ್ಟಲ ಗಡ್ಡ, ಹಿಟ್ಟಿನ ಗಡ್ಡ

ನಮ್ಮ ಕುರುಗೋಡಿನ ಮನೆಯಲ್ಲಿ ವರ್ಷದ ಖಾರವನ್ನು ಬೇಸಿಗೆಯಲ್ಲಿ ಒಂದೇ ಸಲ ಮಾಡಿ ಜಾಡಿಗೆ ತುಂಬುತ್ತಾರೆ. ಬರೀ ಮೆಣಸಿನಕಾಯಿಯ ಪುಡಿಯಲ್ಲ, ಮಸಾಲಿ ಖಾರ. ಧನಿಯಾ, ಒಣಕೊಬ್ಬರಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕಲ್ಲುಹೂವು ಎಲ್ಲವನ್ನೂ ಎಣ್ಣೆಯಲ್ಲಿ ಬೇರೆ ಬೇರೆ ಹುರಿದು, ಮೆಣಸಿನಕಾಯಿಯ ಜೊತೆ ಗಿರಣಿಗೆ ಕೊಟ್ಟು ತಂದ ಖಾರ. ಅದು ಅವ್ವ ರಾರಾವಿಯ ತವರಿನಿಂದ ತಂದ ಪದ್ಧತಿ. ಅವಳ ಕೈಲಾಗದ ಮೇಲೆ ಅತ್ತಿಗೆ ಅದನ್ನು ಹಾಗೇ ನಡೆಸಿಕೊಂಡು ಬಂದರು. ಅವ್ವ ಪಡಸಾಲೆಯ ಗೋಡೆಗೆ ಒರಗಿ ಕೂತು, ಯಾವುದು ಸಾಕು ಯಾವುದು ಸಾಲದು ಅಂತ ಹೇಳುತ್ತಿದ್ದಳು.

ನಾನು ಸಿರುಗುಪ್ಪದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮನೆ ಇರುವುದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ರಜೆ ಸಿಕ್ಕರೆ ಕುರುಗೋಡಿಗೆ ಹೋಗಿ ಅಣ್ಣನ ಮನೆಯಲ್ಲಿ ಎರಡು ದಿನ ಇದ್ದು ಬರುವುದು ರೂಢಿ. ಅಣ್ಣ ಕರೂರಿನ ಗದ್ದೆ, ಕಾಲುವೆ ನೀರು, ಆಳುಗಳು ಅಂತ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ನಾನು ಹೋಗುತ್ತಿದ್ದುದು ಅವ್ವನಿಗಾಗಿ, ಅಷ್ಟೇ ಅತ್ತಿಗೆಗಾಗಿ. ಅತ್ತಿಗೆ ಮದುವೆಗೆ ಮುಂಚೆ ಬಳ್ಳಾರಿಯಲ್ಲಿ ಒಂದು ವರ್ಷ ಬಿಎಸ್ಸಿ ಓದಿದವರು, ಅದೂ ಸಸ್ಯಶಾಸ್ತ್ರ. ಆಮೇಲೆ ಓದು ನಿಂತುಹೋಯಿತು. ಅದನ್ನು ಅವರು ಎಂದೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ನಾನು ಚೀಲದಲ್ಲಿ ತಿದ್ದಲು ತಂದ ಉತ್ತರ ಪತ್ರಿಕೆಗಳನ್ನು ತೆಗೆದರೆ, ಕೈ ಒರೆಸಿಕೊಂಡು ಬಂದು ಚಿತ್ರಗಳನ್ನು ನೋಡುತ್ತಿದ್ದರು.

ಆ ಬೇಸಿಗೆ ಬಳ್ಳಾರಿಯ ಬಜಾರಿನಿಂದ ಸಾಮಾನು ತಂದವಳು ನಾನೇ. ಅತ್ತಿಗೆ ಕಲ್ಲುಹೂವಿನ ಪೊಟ್ಟಣವನ್ನು ಮೊರಕ್ಕೆ ಸುರಿದು ಕಡ್ಡಿ ಕಸ ಆರಿಸುತ್ತಿದ್ದರು. ಬೂದಿ ಬಣ್ಣದ, ಒಳಗೆ ಕಪ್ಪಗಿರುವ, ಸುಟ್ಟ ಕಾಗದದಂಥ ಹಾಳೆಗಳು. ಅವುಗಳ ನಡುವೆ ನೂಲಿನ ಹಾಗೆ ಏನೋ ಗಂಟು ಗಂಟಾಗಿ ಬರತೊಡಗಿತು.

"ಇಲ್ಲಿ ನೋಡು ಬಾ," ಅಂತ ನನ್ನನ್ನು ಕರೆದರು. "ಕಲ್ಲುಹೂವಿನಾಗ ಯಾರೋ ಮುದುಕನ ಗಡ್ಡ ಕೂಡೇತಿ."

"ಗಡ್ಡಿ ಬರ್ತೈತಿ ಅದರಾಗ. ತಗದು ಒಗಿ," ಅಂದಳು ಅವ್ವ, ಕೂತಲ್ಲಿಂದಲೇ. ರಾರಾವಿ ಕಡೆಯವರ ಬಾಯಲ್ಲಿ ಅರ್ಧ ತೆಲುಗು. ಗಡ್ಡಿ ಅಂದರೆ ಹುಲ್ಲು.

"ಗಡ್ಡಿ ಅಲ್ರಿ ಅತ್ತಿ, ಗಡ್ಡ," ಅಂತ ಅತ್ತಿಗೆ ತಮ್ಮ ಗದ್ದಕ್ಕೆ ಅದನ್ನು ಹಿಡಿದು ತೋರಿಸಿದರು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಕಲ್ಲುಹೂವು ಎಂಬುದು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬದುಕುವ ಬಾಳು ಅಂತ ವರ್ಷ ವರ್ಷ ಪಾಠ ಮಾಡುತ್ತೇನೆ. ಬಂಡೆಗೆ ಹಕ್ಕಳೆಯಂತೆ ಅಂಟಿದ್ದು ಒಂದು ಬಗೆ, ಎಲೆಯಂತೆ ಹರಡಿದ್ದು ಇನ್ನೊಂದು, ಗಡ್ಡದ ಹಾಗೆ ಕೊಂಬೆಗೆ ಜೋಲುವುದು ಮೂರನೆಯದು. ಬೋರ್ಡಿನ ಮೇಲೆ ಮೂರನ್ನೂ ಬರೆಯುತ್ತಿದ್ದೆ. ಈ ಮೂರನೆಯದನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅದಕ್ಕೆ ತಂಪು ಬೇಕು, ಮಂಜು ಬೇಕು, ಧೂಳಿಲ್ಲದ ಗಾಳಿ ಬೇಕು. ನಮ್ಮ ಕಡೆ ಎಲ್ಲಿಂದ ಬರಬೇಕು? ಯಾವುದೋ ದೂರದ ಬೆಟ್ಟದಲ್ಲಿ ಯಾರೋ ಮರ ಕೆರೆದು ಚೀಲ ತುಂಬುವಾಗ ಎಲೆಯ ಜೊತೆ ಇದೂ ಸೇರಿ, ಬಜಾರಿಗೆ ಬಂದು, ಈ ಮೊರದೊಳಕ್ಕೆ ಬಿದ್ದಿತ್ತು.

ಪುಸ್ತಕದಲ್ಲಿ ಓದಿದ್ದು ನೆನಪಾಗಿ ಒಂದು ಎಳೆಯನ್ನು ನೀರಿನಲ್ಲಿ ಅದ್ದಿ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದೆ. ಹೊರಗಿನ ಹಸಿರು ಬೂದಿ ತೊಗಟೆ ಅಲ್ಲಲ್ಲಿ ಬಿರಿಯಿತು. ಒಳಗಿನ ಬಿಳಿ ದಾರ ಮಾತ್ರ ಕಡಿಯದೆ ರಬ್ಬರಿನ ಹಾಗೆ ಹಿಗ್ಗಿತು.

"ನನಗ ಕೊಡು, ನನಗ ಕೊಡು," ಅಂತ ಅತ್ತಿಗೆ ಇನ್ನೊಂದನ್ನು ಎಳೆದು ನೋಡಿದರು. ಆಮೇಲೆ ಸುಮ್ಮನೆ ಕೂತು ಮೊರದಲ್ಲಿದ್ದುದನ್ನೆಲ್ಲ ಎರಡು ಗುಡ್ಡೆ ಮಾಡತೊಡಗಿದರು. "ಇವು ಎರಡು ಥರ ಅದಾವ," ಅಂದರು. "ಇದರ ತುದಿಗಿ ಸಣ್ಣ ಸಣ್ಣ ಬಟ್ಟಲು. ಬಟ್ಟಲಿನ ಸುತ್ತ ರೆಪ್ಪಿ ಕೂದಲು. ಇದಕ್ಕ ಬಟ್ಟಲ ಇಲ್ಲ, ಮೈ ತುಂಬ ಹಿಟ್ಟು ಉದುರಿದಂಗೈತಿ."

"ಎಳೀದು, ಬಲತದ್ದು ಇರಬಹುದು ಅತ್ತಿಗಿ," ಅಂದೆ.

"ಗಂಡು ಹೆಣ್ಣು ಇರಬೇಕು," ಅಂದರು ಅವರು.

ಇಬ್ಬರದೂ ತಪ್ಪಾಗಿತ್ತು. ಆದರೆ ಅವತ್ತಿನಿಂದ ಅವುಗಳ ಹೆಸರು ನಮ್ಮ ಮನೆಯಲ್ಲಿ ಬಟ್ಟಲ ಗಡ್ಡ, ಹಿಟ್ಟಿನ ಗಡ್ಡ ಅಂತ ಆಯಿತು. ಖಾರಕ್ಕೆ ಬೇಕಾದಷ್ಟು ಎಲೆಯನ್ನು ತೆಗೆದು, ಉಳಿದುದನ್ನು ಗಡ್ಡಗಳ ಸಮೇತ ಅತ್ತಿಗೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಎತ್ತಿಟ್ಟರು.

ಅದಾದ ಮೇಲಿನ ಭಾನುವಾರಗಳು ನನ್ನ ಜೀವನದ ಒಳ್ಳೆಯ ದಿನಗಳು ಅಂತ ಈಗ ಅನ್ನಿಸುತ್ತದೆ. ಊಟದ ಪಾತ್ರೆ ತೊಳೆದಿಟ್ಟ ಮೇಲೆ ಪಡಸಾಲೆಯ ಬಾಗಿಲ ಬೆಳಕಿಗೆ ನಾವಿಬ್ಬರೂ ಕೂರುತ್ತಿದ್ದೆವು. ನಾನು ಕೈಮಸೂರ ತಂದಿದ್ದೆ. ಹಿಟ್ಟಿನ ಗಡ್ಡದ ಮೈಮೇಲಿನದು ಹಿಟ್ಟಲ್ಲ, ಶಿಲೀಂಧ್ರದ ಎಳೆಯಲ್ಲಿ ಪಾಚಿಯ ಕಣ ಸುತ್ತಿದ ಪುಟ್ಟ ಪುಟ್ಟ ಉಂಡೆಗಳು, ಗಾಳಿಗೆ ಹಾರಿ ಬಿದ್ದಲ್ಲಿ ಹೊಸ ಗಡ್ಡವಾಗಿ ಬೆಳೆಯುತ್ತವೆ ಅಂತ ಓದಿ ಹೇಳಿದೆ. ಬಟ್ಟಲ ಗಡ್ಡದ ಬಟ್ಟಲಿನಿಂದ ಹಾರುವುದು ಬರೀ ಶಿಲೀಂಧ್ರದ ಬೀಜಕಣ. ಅದು ಎಲ್ಲೋ ಬಿದ್ದು, ಅಲ್ಲಿ ತನಗೆ ತಕ್ಕ ಪಾಚಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

"ಹಂಗಂದ್ರ ಇದು ಜೋಡಿನ ಕರಕೊಂಡೇ ಹೊಕ್ಕೈತಿ, ಅದು ಹೋದಲ್ಲಿ ಜೋಡಿ ಹುಡುಕ್ಕೊಬೇಕು," ಅಂದರು ಅತ್ತಿಗೆ. ಇಷ್ಟು ಚೆನ್ನಾಗಿ ನಾನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ. ಮುಂದಿನ ವಾರ ಅದೇ ಮಾತನ್ನು ಸಿರುಗುಪ್ಪದಲ್ಲಿ ಹೇಳಿದೆ.

ಕಾಲೇಜಿನ ಪ್ರಯೋಗಾಲಯದಿಂದ ಪೊಟ್ಯಾಷ್ ದ್ರಾವಣ ತಂದು ಒಂದೊಂದರ ಒಂದು ತುಣುಕನ್ನು ಸೀಳಿ, ಒಳಗಿನ ಬಿಳುಪಿಗೆ ಹನಿ ಹಾಕಿದೆವು. ಬಣ್ಣ ಬೇರೆ ಬಂದರೆ ಎರಡೂ ಬೇರೆ ಅನ್ನುವುದಕ್ಕೆ ಒಂದು ಆಧಾರ. ಬಟ್ಟಲಿನದು ಮೊದಲು ಹಳದಿಯಾಗಿ, ನೋಡನೋಡುತ್ತ ತುಕ್ಕಿನ ಕೆಂಪಾಯಿತು. ಅತ್ತಿಗೆ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಹನಿ ಹಾಕಿದರು. ಅದೂ ಹಳದಿ, ಅದೂ ಕೆಂಪು.

"ಛೇ," ಅಂದರು.

ನನಗೆ ಪರಿಚಯದವರ ಮೂಲಕ ಕಲ್ಲುಹೂವುಗಳನ್ನೇ ಅಭ್ಯಾಸ ಮಾಡುವ ಒಬ್ಬ ವಿಜ್ಞಾನಿಯ ನಂಬರು ಸಿಕ್ಕಿತು. ಫೋಟೋ ಕಳಿಸಿದೆ. ಆಕೆ ಸಾವಧಾನದಿಂದ ಫೋನಿನಲ್ಲಿ ವಿವರಿಸಿದರು. ಈ ಗಡ್ಡಗಳಲ್ಲಿ ಹೀಗೆ ಜೋಡಿ ಜೋಡಿ ಬರುತ್ತವೆ. ಒಂದಕ್ಕೆ ಬಟ್ಟಲು, ಇನ್ನೊಂದಕ್ಕೆ ಹಿಟ್ಟು, ಉಳಿದದ್ದೆಲ್ಲ ಒಂದೇ. ಹಳಬರು ಅವನ್ನು ಎರಡು ಪ್ರಭೇದ ಅಂತ ಹೆಸರಿಟ್ಟರು. ಈಗ ಒಳಗಿನ ವಂಶವಾಹಿ ನೋಡುವವರು ಕೆಲವು ಜೋಡಿಗಳನ್ನು ಬೇರ್ಪಡಿಸಲು ಆಗದೆ, ಎರಡೂ ಒಂದೇ ಇರಬಹುದು ಅನ್ನುತ್ತಿದ್ದಾರೆ. ನಿಮ್ಮದು ಯಾವುದು ಅಂತ ಹೇಳಬೇಕಾದರೆ ಅದು ಮರಕ್ಕೆ ಅಂಟುವ ಬುಡ ಬೇಕು, ಎಲ್ಲಿ ಬೆಳೆದದ್ದು ಅಂತ ಗೊತ್ತಿರಬೇಕು, ಬಜಾರಿನ ಪೊಟ್ಟಣದಿಂದ ಏನನ್ನೂ ಖಚಿತವಾಗಿ ಹೇಳುವಂತಿಲ್ಲ.

ನಾನು ಸ್ಪೀಕರ್ ಹಾಕಿದ್ದೆ. ಅತ್ತಿಗೆ ಎಲ್ಲ ಕೇಳಿ, ಫೋನು ಇಟ್ಟ ಮೇಲೆ, "ಹಂಗಾರ ಬೆಳಿಯೋ ಜಾಗಕ್ಕ ಹೋಗಿ ನೋಡಾಣ," ಅಂದರು. ಮದುವೆಯಾಗಿ ಬಂದ ಮೇಲೆ ಅವರು ತಮಗಾಗಿ ಎಲ್ಲಿಗಾದರೂ ಹೋಗಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಿಕ್ಕಮಗಳೂರಿನ ಬೆಟ್ಟಕ್ಕೆ ಅಂತ ಗೊತ್ತುಮಾಡಿಕೊಂಡೆವು, ಆದರೆ ಹೋಗುವುದು ದಸರೆ ರಜೆಯವರೆಗೆ ಮುಂದೆ ಬಿತ್ತು. ಅಣ್ಣ ಮೊದಲು ನಕ್ಕ. "ಖಾರದ ಸಾಮಾನು ನೋಡಾಕ ಚಿಕ್ಕಮಗಳೂರಿಗೆ ಹೋಕ್ಕಾರಂತ!" ಆಮೇಲೆ ತಾನೇ ಅವ್ವನನ್ನು ನೋಡಿಕೊಳ್ಳುತ್ತೇನೆ ಅಂದ.

ಬೆಟ್ಟದ ಮೇಲಿನ ಕಾಡಿನಲ್ಲಿ ಮಂಜು ಹನಿಯುತ್ತಿತ್ತು. ದಾರಿ ತೋರಿಸಲು ಅರಣ್ಯ ಕಾವಲುಗಾರನೊಬ್ಬ ಜೊತೆಗೆ ಬಂದಿದ್ದ. ಮೊದಲ ಗಡ್ಡ ಕಂಡದ್ದು ಒಂದು ಗಿಡ್ಡ ಮರದ ಕೊಂಬೆಯಲ್ಲಿ. ಡಬ್ಬಿಯೊಳಗಿನ ಒಣ ನೂಲಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ, ಮೆತ್ತಗೆ, ತಿಳಿಹಸಿರಾಗಿ, ತುದಿಯಲ್ಲಿ ನೀರಿನ ಹನಿ ಹಿಡಿದು ತೂಗುತ್ತಿತ್ತು. ಅತ್ತಿಗೆ ಕೈ ಚಾಚಿದವರು ಹಾಗೇ ನಿಂತರು.

"ಮುಟ್ಟಬೇಡಿ ಅಮ್ಮ. ನೋಡಿ, ಫೋಟೋ ತಗೊಳ್ಳಿ, ಕೀಳೋ ಹಾಗಿಲ್ಲ," ಅಂದ ಕಾವಲುಗಾರ.

ಅದು ಹಿಟ್ಟಿನದು. ಅದರ ಬುಡ ಕಪ್ಪಗಿತ್ತು, ಫೋಟೋ ತೆಗೆದೆ. ಆಮೇಲೆ ಮಧ್ಯಾಹ್ನದವರೆಗೆ ಹುಡುಕಿದರೂ ಬಟ್ಟಲಿನದು ಒಂದೂ ಸಿಗಲಿಲ್ಲ. ಮುರಿದು ಬಿದ್ದ ಕೊಂಬೆಗಳನ್ನೂ ಅತ್ತಿಗೆ ಬಗ್ಗಿ ಬಗ್ಗಿ ನೋಡಿದರು. ನಮ್ಮ ಡಬ್ಬಿಯಿಂದ ಒಂದು ಬಟ್ಟಲ ಎಳೆಯನ್ನು ತಂದಿದ್ದೆವು. ಅದನ್ನು ಕಾವಲುಗಾರನಿಗೆ ತೋರಿಸಿದೆ.

"ಇದಾ? ಮೊದಲು ಕೆಳಗಿನ ದೊಡ್ಡ ಮರಗಳಲ್ಲಿ ಇರ್ತಿತ್ತು," ಅಂದ. "ಬನ್ನಿ, ತೋರಿಸ್ತೀನಿ."

ಅವನು ತೋರಿಸಿದ್ದು ಬೋಳು ಕಾಂಡಗಳನ್ನು. ಆಳೆತ್ತರದವರೆಗೆ, ಅದಕ್ಕೂ ಮೇಲೆ ಏಣಿ ಹಾಕಿ ಕೈ ನಿಲುಕುವವರೆಗೆ ಕೆರೆದ ಗುರುತು. ತೊಗಟೆಯ ಸಮೇತ ಎದ್ದುಬಂದ ಕಡೆ ಮರ ಕೆಂಪಗೆ ಕಾಣುತ್ತಿತ್ತು. "ಕದ್ದು ಬಂದು ಕೆರೀತಾರೆ, ಚೀಲಗಟ್ಲೆ. ಮಸಾಲೆಗೆ ಅಂತೆ. ಕೆರೆದ ಕಡೆ ಮತ್ತೆ ಬರೋದು ನಾನಂತೂ ನೋಡಿಲ್ಲ."

ಅತ್ತಿಗೆ ಆ ಕಾಂಡದ ಮೇಲೆ ಅಂಗೈ ಇಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಹರಿಹರ ದಾಟಿದ ಮೇಲೆ, "ಅದು ಒಂದು ಬೆರಳುದ್ದ ಬೆಳೀಬೇಕಾದ್ರ ಎಷ್ಟು ವರ್ಷ ಬೇಕಂತಿ?" ಅಂತ ಕೇಳಿದರು. ಬಹಳ ನಿಧಾನ, ಜಾಗದ ಮೇಲೆ ಹೋಗುತ್ತದೆ ಅಂದೆ. "ನಾವು ವರ್ಷಾ ವರ್ಷಾ ಮುಷ್ಟಿಗಟ್ಲೆ ಎಣ್ಯಾಗ ಹಾಕ್ತೀವಿ," ಅಂದು ಕಿಟಕಿಯ ಕಡೆ ತಿರುಗಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಖಾರ ಮಾಡುವಾಗ ನಾನಿರಲಿಲ್ಲ. ಪರೀಕ್ಷೆಯ ಮೌಲ್ಯಮಾಪನದ ಕೆಲಸ ಬಿದ್ದಿತ್ತು. ಸಾಮಾನನ್ನೂ ಅತ್ತಿಗೆಯೇ ಕುರುಗೋಡಿನಲ್ಲಿ ಕೊಂಡರು. ಜಾಡಿಗಳು ಎಂದಿನಂತೆ ತುಂಬಿದವು.

ಅವ್ವ ಆ ಮಳೆಗಾಲದಲ್ಲಿ ಜ್ವರ ಬಂದು ಮಲಗಿದಳು. ಜ್ವರ ಇಳಿಯಿತು, ಆದರೆ ಊಟ ಹತ್ತಲಿಲ್ಲ. ನಾನು ಹೋದ ಒಂದು ಭಾನುವಾರ ಕೋಳಿ ಸಾರು ಮಾಡಿದ್ದರು. ಅವ್ವನಿಗೆ ಬಲು ಇಷ್ಟದ್ದು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಎರಡು ತುತ್ತು ತಿಂದು ತಾಟನ್ನು ಸರಿಸಿದಳು.

"ಯಾಕವ್ವಾ?" ಅಂದೆ.

"ಏನೂ ಗೊತ್ತಾಗವಲ್ದು. ವಾಸನಿ ಇಲ್ಲ, ರುಚಿ ಇಲ್ಲ. ನನ್ನ ನಾಲಿಗಿ ಸತ್ತೈತಿ ಬಿಡು."

"ಜ್ವರದ ಬಾಯಿ ಅತ್ತಿ, ಸರಿ ಹೊಕ್ಕೈತಿ," ಅಂದ ಅತ್ತಿಗೆಯ ದನಿ ಏಕೋ ಸಣ್ಣದಾಗಿತ್ತು. ನನಗೆ ಸಾರು ಚೆನ್ನಾಗಿಯೇ ಅನ್ನಿಸಿತು. ಬಳ್ಳಾರಿಯಲ್ಲಿ ಅಂಗಡಿಯ ಪುಡಿ ತಿಂದು ರೂಢಿಯಾದ ಬಾಯಿ ನನ್ನದು.

ಅವ್ವನನ್ನು ಬಳ್ಳಾರಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ವಯಸ್ಸಾಯಿತು, ರುಚಿ ಕಡಿಮೆಯಾಗುವುದು ಸಹಜ ಅಂತ ಟಾನಿಕ್ಕು ಬರೆದರು. ಅವ್ವ ಅದನ್ನು ನಂಬಿದಳು. ಆಮೇಲೆ ಊಟ ಮಾಡು ಅಂದರೆ ಮಣ್ಣು ತಿನ್ನು ಅಂದಂತೆ ಮುಖ ಮಾಡುತ್ತಿದ್ದಳು. "ನಾಲಿಗಿ ಹೋದ ಮ್ಯಾಲ ಮಂದಿ ಭಾಳ ದಿನ ಇರಂಗಿಲ್ಲ," ಅಂತ ಬಂದವರೆದುರು ಹೇಳಿಕೊಳ್ಳತೊಡಗಿದಳು. ಮೈ ಇಳಿದು, ಬಳೆಗಳು ಮೊಣಕೈಯವರೆಗೆ ಜಾರುವಂತಾದವು. ಚಳಿಗಾಲ ಮುಗಿಯುವ ಮೊದಲು ತೀರಿಕೊಂಡಳು.

ಅವ್ವನ ತಿಥಿಕಾರ್ಯ ಮುಗಿದು ನೆಂಟರು ಹೋದ ಮರುದಿನ ಬೆಳಿಗ್ಗೆ ನಾನು, ಅತ್ತಿಗೆ ಅಡುಗೆ ಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದೆವು. ಅತ್ತಿಗೆ ಒಂದು ಬೋಗುಣಿಯನ್ನು ಕೈಯಲ್ಲಿ ಹಿಡಿದವರು ಅದನ್ನು ನನಗೆ ಕೊಡದೆ ಹಾಗೇ ನೆಲಕ್ಕೆ ಕೂತುಬಿಟ್ಟರು.

"ಅತ್ತಿ ನಾಲಿಗಿ ಸತ್ತಿದ್ದಿಲ್ಲ," ಅಂದರು. "ನಾನು ಖಾರಕ್ಕ ಕಲ್ಲುಹೂವ ಹಾಕಿದ್ದಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆ ಮರ ನೋಡಿ ಬಂದ ಮ್ಯಾಲ ನನಗ ಹಾಕಾಕ ಮನಸ್ಸು ಬರಲಿಲ್ಲ. ಅತ್ತಿ ಮಲಗಿದಾಗ ಹುರಿದು ಮುಗಿಸಿದೆ. ಯಾರಿಗೂ ಗೊತ್ತಾಗಂಗಿಲ್ಲ ಅಂದ್ಕೊಂಡೆ. ನಿಮ್ಮಣ್ಣಗ ಗೊತ್ತಾಗಲಿಲ್ಲ, ನಿನಗ ಗೊತ್ತಾಗಲಿಲ್ಲ. ಆಕಿಗೆ ಒಬ್ಬಾಕಿಗೆ ಗೊತ್ತಾತು. ಆಕಿ ಖಾರದಾಗ ಏನೋ ಕಡಿಮಿ ಆಗೇತಿ ಅಂದಿದ್ರ ಹೇಳಿಬಿಡ್ತಿದ್ದೆ. ತನ್ನ ನಾಲಿಗಿನ ಬೈಕೊಂಡ್ಲು. ನನ್ನ ಕೈಯಿನ ಅಡಿಗಿ ಮ್ಯಾಲ ಆಕಿಗೆ ಅನುಮಾನಾನ ಬರಲಿಲ್ಲ ನೋಡು."

"ಆಮ್ಯಾಲ ಹೇಳಬಹುದಿತ್ತಲ್ರಿ ಅತ್ತಿಗಿ." ಮಾತು ಬಾಯಿಂದ ಬಿದ್ದ ಮೇಲೆ, ಆಡಬಾರದಿತ್ತು ಅನ್ನಿಸಿತು.

"ಹೇಳಬೇಕು ಅಂತ ದಿನಾ ಅಂದ್ಕೊಂತಿದ್ದೆ. ಹೇಳಿದ್ರ, ಮತ್ತ ಹಾಕು ಅಂತಾಳ, ಹಾಕಬೇಕಾಕ್ಕೈತಿ. ಅದಕ್ಕ ಇವತ್ತು ಬ್ಯಾಡ, ನಾಳಿ, ನಾಳಿ."

ಆಮೇಲೆ ಇನ್ನೊಂದನ್ನು ಹೇಳಿದರು. ಕೊನೆಯ ವಾರ, ಒಂದು ಮಧ್ಯಾಹ್ನ, ಅಣ್ಣ ಕರೂರಿನಲ್ಲಿದ್ದಾಗ ಅವ್ವ ತಾನಾಗಿಯೇ, ಏನಾದರೂ ಖಾರಖಾರ ಬೇಕು ಅಂದಳಂತೆ. ಅವಳನ್ನು ಒಬ್ಬಳನ್ನೇ ಬಿಟ್ಟು ಅಂಗಡಿಗೆ ಹೋಗುವ ಸ್ಥಿತಿ ಇರಲಿಲ್ಲ. ಅತ್ತಿಗೆ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಪೊಟ್ಯಾಷ್ ತಾಗಿದ ತುಣುಕುಗಳ ಕಾಗದವನ್ನು ಪಕ್ಕಕ್ಕೆ ಇಟ್ಟರು. ಉಳಿದಿದ್ದ ಕಲ್ಲುಹೂವಿನ ಎಲೆ ಒಂದು ಚಿಟಿಕೆಯಷ್ಟೇ. ಅದಕ್ಕೆ ಬಟ್ಟಲ ಗಡ್ಡವನ್ನು ಮುರಿದು ಸೇರಿಸಿ ಎಣ್ಣೆಗೆ ಹಾಕಿದರು.

"ಹಿಟ್ಟಿಂದು ಬೆಟ್ಟದ ಮ್ಯಾಲ ಇನ್ನೂ ಐತಿ. ಇದು ಇನ್ನ ಸಿಗಂಗಿಲ್ಲ ಅಂತ ಗೊತ್ತಿತ್ತು," ಅಂದರು. "ಆದರ ಕೈಗೆ ಅದೇ ಬಂತು. ನೋಡಿಕೊಂತ ಕುಂದ್ರೋ ಹೊತ್ತಲ್ಲ ಅದು."

ಹುರಿದ ವಾಸನೆ ಮನೆಯೆಲ್ಲ ತುಂಬಿತಂತೆ. ಒಳಗಿನಿಂದ ಅವ್ವ, "ಯಾರ ಮನ್ಯಾಗ ಮಸಾಲಿ ಹುರಿಯಾಕತ್ತಾರ?" ಅಂತ ಕೇಳಿದಳಂತೆ. "ನಮ್ಮ ಮನ್ಯಾಗಾ ಅತ್ತಿ," ಅಂತ ಅತ್ತಿಗೆ ಓಡಿ ಹೋಗಿ ಹೇಳುವಷ್ಟರಲ್ಲಿ ಅವಳಿಗೆ ಮಂಪರು ಹತ್ತಿತ್ತು. ಎದ್ದ ಮೇಲೆ ಸಾರು ಬಾಯಿಗೆ ಹಾಕಿದರೆ ನುಂಗಲಾಗಲಿಲ್ಲ.

ನಾನು ಅತ್ತಿಗೆಯ ಪಕ್ಕದಲ್ಲಿ ಕೂತೆ. ಮರಕ್ಕೆ ಮರುಗಿದ್ದು ತಪ್ಪಲ್ಲ, ಅವ್ವನ ವಯಸ್ಸು, ಜ್ವರ, ಎಲ್ಲ ಹೇಳಿದೆ. ಡಾಕ್ಟರೇ ಹೇಳಿದ್ದರಲ್ಲ ಅಂದೆ. ಅವರು ತಲೆಯಾಡಿಸಿದರು, ಆದರೆ ನಂಬಲಿಲ್ಲ. ನಾನೂ ಪೂರ್ತಿ ನಂಬಿ ಹೇಳಿದ್ದಲ್ಲ. ಕಲ್ಲುಹೂವು ಇದ್ದಿದ್ದರೆ ಅವ್ವ ಇನ್ನೂ ಕೆಲವು ದಿನ ಉಣ್ಣುತ್ತಿದ್ದಳೋ ಏನೋ. ಯಾರಿಗೆ ಗೊತ್ತು? ಕಡೇಪಕ್ಷ ಅವಳು ತನ್ನ ನಾಲಿಗೆಯನ್ನು ಬೈದುಕೊಂಡು ಹೋಗುತ್ತಿರಲಿಲ್ಲ ಅನ್ನುವುದೇ ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಇದಾದ ಕೆಲವು ತಿಂಗಳಿಗೆ ಆ ವಿಜ್ಞಾನಿಯಿಂದ ಸಂದೇಶ ಬಂತು. ಇಂಥ ಜೋಡಿಗಳ ವಂಶವಾಹಿ ಹೋಲಿಸುವ ಕೆಲಸಕ್ಕೆ ಕೈ ಹಾಕಿದ್ದಾರೆ, ಬಜಾರಿನದಾದರೂ ಪರವಾಗಿಲ್ಲ, ಎರಡರದೂ ಒಂದೊಂದು ತುಂಡು ಕಳಿಸಿ ಅಂತ. ನಾನು ಅತ್ತಿಗೆಗೆ ಓದಿ ಹೇಳಿದೆ. ಬಟ್ಟಲಿನದು ಉಳಿದಿದ್ದು ಹನಿ ಹಾಕಿ ಕೆಡಿಸಿದ ತುಣುಕು ಮಾತ್ರ. ಹಿಟ್ಟಿನದರ ಜೊತೆ ಅದನ್ನೇ ಕಳಿಸಿದೆ. ಕೆಟ್ಟ ತುಣುಕಿನಿಂದ ಏನೂ ಹೊರಡಲಿಲ್ಲ ಅಂತ ವಿಜ್ಞಾನಿ ವಿನಯದಿಂದ ತಿಳಿಸಿದರು. ಎರಡೂ ಒಂದೋ, ಬೇರೆಯೋ, ನಮ್ಮ ಮಟ್ಟಿಗೆ ಅದು ಅಲ್ಲಿಗೇ ನಿಂತಿತು.

ಅತ್ತಿಗೆ ಈಗಲೂ ಖಾರಕ್ಕೆ ಕಲ್ಲುಹೂವು ಹಾಕುವುದಿಲ್ಲ. ಅಣ್ಣನಿಗೆ ಹೇಳಿಯೇ ಮಾಡುತ್ತಾರೆ. ಅವನು ಏನೂ ಅನ್ನುವುದಿಲ್ಲ. ಆದರೆ ಅವರು ಯಾವುದನ್ನೂ ಮೊದಲಿನ ಹಾಗೆ ಹತ್ತಿರ ಹಿಡಿದು ನೋಡುವುದನ್ನು ಬಿಟ್ಟುಬಿಟ್ಟಿದ್ದಾರೆ. ಉತ್ತರ ಪತ್ರಿಕೆ ತೆಗೆದರೆ ಬಂದು ಕೂರುವುದಿಲ್ಲ. ಕೈಮಸೂರವನ್ನು ಒರೆಸಿ ನನಗೆ ವಾಪಸು ಕೊಟ್ಟರು. ಹೋದ ತಿಂಗಳು ಬೆಳಿಗ್ಗೆ ಇಬ್ಬರೂ ಕುರುಗೋಡಿನ ಗುಡ್ಡದ ಕೆಳಗೆ ನಡೆದು ಹೋಗುವಾಗ ಒಂದು ದೊಡ್ಡ ಬಂಡೆಯ ಮೇಲೆ ಹಳದಿ, ಬೂದಿ, ಕಿತ್ತಳೆಯ ಹಕ್ಕಳೆಗಳು ಒಂದರ ಪಕ್ಕ ಒಂದು ಗಡಿ ಹಾಕಿಕೊಂಡು ಹರಡಿದ್ದವು. ನಮ್ಮ ಒಣ ನೆಲದಲ್ಲೂ ಬದುಕುವ ಕಲ್ಲುಹೂವುಗಳು.

"ಅತ್ತಿಗಿ, ಇವನ್ನ ನೋಡ್ರಿ, ಎಷ್ಟು ಥರ ಅದಾವ," ಅಂದೆ.

ಅವರು ನಿಂತರು, ಆದರೆ ಹತ್ತಿರ ಬರಲಿಲ್ಲ.

"ಇರಲಿ ಬಿಡು. ಅವು ಇದ್ದಂಗ ಇರಲಿ," ಅಂದರು. "ನಡಿ, ಬಿಸಲ ಏರಾಕತ್ತೈತಿ."

ನಾನು ಅವರ ಹಿಂದೆ ನಡೆದೆ.